ಪಿಕಪ್‌ಗೆ ರಾಕ್ ಸ್ಲೈಡರ್: ಚಾಸಿಸ್‌ಗೆ ವೆಲ್ಡ್ ಮಾಡಿಸುವುದೋ, ಬೋಲ್ಟ್ ಹಾಕಿ ಕೂರಿಸುವುದೋ?

ಅಡೂರು_ತೋಟ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಅಡೂರಿನಿಂದ ಒಳಗೆ, ಪಯಸ್ವಿನಿ ಹೊಳೆಯ ಕಡೆಗೆ ಇಳಿಯುವ ಗುಡ್ಡದ ಮಗ್ಗುಲಲ್ಲಿದೆ. ಮೇಲೆ ರಬ್ಬರು, ಕೆಳಗೆ ಅಡಿಕೆ. ಚೆರ್ಕಳ–ಜಾಲ್ಸೂರು ರಸ್ತೆ ಬಿಟ್ಟು ಒಳಗೆ ಬಂದ ಮೇಲೆ ಸ್ವಲ್ಪ ದೂರ ಕಾಂಕ್ರೀಟು ಇದೆ. ಅಲ್ಲಿಂದ ಮುಂದೆ ಮುರಕಲ್ಲಿನ ಪಾರೆಯನ್ನು ಕಡಿದು ಮಾಡಿದ ಮಣ್ಣಿನ ದಾರಿ. ಮಳೆಗಾಲದಲ್ಲಿ ನೀರು ನಡುವೆ ಕೊರೆದುಕೊಂಡು ಹೋಗುವುದರಿಂದ ಚಕ್ರಗಳನ್ನು ಎರಡು ಏರುಗಳ ಮೇಲೆ ಇಟ್ಟುಕೊಂಡೇ ಹೋಗಬೇಕಾಗುತ್ತದೆ. ಒಂದು ಕಡೆಯ ಚಕ್ರ ಜಾರಿದರೆ ವಾಹನದ ಪಕ್ಕ ನೇರವಾಗಿ ಕಲ್ಲಿನ ಮೇಲೆ ಕೂರುತ್ತದೆ.

ನನ್ನಲ್ಲಿರುವುದು ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್, ನಾಲ್ಕು ಬಾಗಿಲಿನದು. ಗೊಬ್ಬರ, ಬಾಳೆಗೊನೆ, ಅಡಿಕೆ ಗೋಣಿ, ರಬ್ಬರ್ ಶೀಟು ಎಲ್ಲಕ್ಕೂ ಇದೇ ವಾಹನ. ಮನೆಯವರನ್ನು ಮುಳ್ಳೇರಿಯಕ್ಕೋ ಕಾಸರಗೋಡಿಗೋ ಕರೆದುಕೊಂಡು ಹೋಗುವುದಕ್ಕೂ ಇದೇ. ಕಳೆದ ಮಳೆಗಾಲದಲ್ಲಿ ಎಡಗಡೆಯ ಹಿಂಬಾಗಿಲಿನ ಕೆಳಗೆ ಸಿಲ್, ಅಂದರೆ ಬಾಗಿಲಿನ ಅಡಿಯಲ್ಲಿರುವ ಬಾಡಿಯ ಅಂಚು, ಒಳಕ್ಕೆ ತಗ್ಗಿದೆ. ಹತ್ತಲು ಇಳಿಯಲು ಅನುಕೂಲವಾಗಲೆಂದು ಹಾಕಿಸಿದ್ದ ಅಲ್ಯುಮಿನಿಯಂ ಫುಟ್‌ಬೋರ್ಡ್ ಅದೇ ಹೊಡೆತಕ್ಕೆ ಮಡಚಿಕೊಂಡು, ಅದರ ಬ್ರಾಕೆಟ್ಟೇ ಹೋಗಿ ಸಿಲ್‌ಗೆ ತಾಗಿದೆ. ಅಂದರೆ ರಕ್ಷಣೆ ಕೊಡುವ ಬದಲು ಅದು ಪೆಟ್ಟನ್ನು ಒಂದೇ ಜಾಗಕ್ಕೆ ಸೇರಿಸಿ ಕೊಟ್ಟಂತಾಗಿದೆ.

ಹಾಗಾಗಿ ಈಗ ರಾಕ್ ಸ್ಲೈಡರ್, ಅಂದರೆ ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೂ ಕೂರಿಸಿ ಕಲ್ಲಿನ ಪೆಟ್ಟಿನಿಂದ ವಾಹನದ ಪಕ್ಕವನ್ನು ಕಾಯುವ ಉಕ್ಕಿನ ಪೈಪಿನ ಚೌಕಟ್ಟು, ಹಾಕಿಸಬೇಕೆಂದಿದ್ದೇನೆ. ಹತ್ತಿರದ ವೆಲ್ಡಿಂಗ್ ಶಾಪಿನವರು ಎರಡು ಇಂಚಿನ ಜಿಐ (ಸತು ಲೇಪಿಸಿದ) ಪೈಪು ತಂದು ನೇರವಾಗಿ ಚಾಸಿಸ್‌ಗೇ (ವಾಹನದ ಅಡಿಯ ಉಕ್ಕಿನ ಚೌಕಟ್ಟಿಗೇ) ವೆಲ್ಡ್ ಮಾಡಿಕೊಡುತ್ತೇನೆ, ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ ಎನ್ನುತ್ತಾರೆ. ಮಂಗಳೂರಿನ ಪರಿಚಯದವರೊಬ್ಬರು ಚಾಸಿಸ್‌ಗೆ ಬೆಂಕಿ ತಾಗಿಸಲೇಬೇಡಿ, ಬೋಲ್ಟಿನದನ್ನೇ ಹಾಕಿಸಿ ಎನ್ನುತ್ತಾರೆ. ಯಾವುದು ಸರಿ, ಯಾಕೆ ಸರಿ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರಿಕೆ. ಪೈಪಿನ ಅಳತೆ, ತುಕ್ಕು, ಮೋಟಾರು ವಾಹನ ಇಲಾಖೆಯವರ ತಕರಾರು ಇವುಗಳ ಬಗ್ಗೆಯೂ ಹೇಳಿದರೆ ಉಪಕಾರವಾಗುತ್ತದೆ.

ಬದಿಯಡ್ಕ_ಫ್ಯಾಬ್ರಿಕೇಶನ್ ಬರೆದದ್ದು:

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಫುಟ್‌ಬೋರ್ಡಿಗೂ ಸ್ಲೈಡರಿಗೂ ಇರುವ ಮುಖ್ಯ ವ್ಯತ್ಯಾಸ ಪೈಪಿನ ದಪ್ಪದ್ದಲ್ಲ, ಭಾರ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದರದ್ದು. ಫುಟ್‌ಬೋರ್ಡು ಒಬ್ಬ ಮನುಷ್ಯನ ಭಾರಕ್ಕಾಗಿ ಮಾಡಿದ್ದು. ಅದರ ಬ್ರಾಕೆಟ್ಟು ಹೆಚ್ಚಾಗಿ ಬಾಡಿಯ ತೆಳು ತಗಡಿಗೆ ಕಟ್ಟಿರುತ್ತದೆ. ಸ್ಲೈಡರು ವಾಹನದ ಅರ್ಧ ಭಾರವನ್ನು ತಾನೊಂದೇ ಹೊರಬೇಕಾಗಿ ಬರಬಹುದು. ಅದೂ ಮೆಲ್ಲಗೆ ಅಲ್ಲ, ಒಮ್ಮೆಲೇ ಕುಸಿದು ಬೀಳುವಾಗ. ನಿಮ್ಮ ವಾಹನ ಖಾಲಿ ಇರುವಾಗಲೇ ಎರಡು ಟನ್ನಿನ ಹತ್ತಿರ ಇದೆ, ಗೊಬ್ಬರದ ಮೂಟೆ ಹೇರಿದರೆ ಇನ್ನೂ ಮೇಲೆ. ಅಷ್ಟು ಭಾರ ಹೊರಬಲ್ಲದ್ದು ಚಾಸಿಸ್ ಮಾತ್ರ. ಆದ್ದರಿಂದ ಸ್ಲೈಡರಿನ ಪ್ರತಿಯೊಂದು ಕಾಲೂ, ಅಂದರೆ ಅದನ್ನು ಹಿಡಿದುಕೊಳ್ಳುವ ಅಡ್ಡ ತುಂಡು, ಚಾಸಿಸ್‌ಗೇ ಸೇರಬೇಕು. ಬಾಡಿಗೆ ಎಲ್ಲಿಯೂ ತಾಗಬಾರದು.

ತಾಗಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಪಿಕಪ್‌ನಲ್ಲಿ ಕ್ಯಾಬಿನ್ ಬೇರೆ, ಹಿಂದಿನ ಲೋಡ್ ಬಾಡಿ ಬೇರೆ. ಎರಡೂ ಏಣಿಯಾಕಾರದ ಚಾಸಿಸ್ ಮೇಲೆ ಪ್ರತ್ಯೇಕವಾಗಿ ಕೂತಿವೆ. ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಇರುವುದರಿಂದ, ನಿಮ್ಮಂಥ ದಾರಿಯಲ್ಲಿ ಒಂದು ಮುಂಚಕ್ರ ಮೇಲೆ ಹೋಗಿ ಅದೇ ಮಗ್ಗುಲಿನ ಹಿಂಚಕ್ರ ಕೆಳಗೆ ಇಳಿದಾಗ ಚಾಸಿಸ್ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಅದರ ಮೇಲೆ ಸ್ವಲ್ಪ ಜರುಗುತ್ತದೆ. ಸ್ಲೈಡರಿಗೂ ಸಿಲ್‌ಗೂ ನಡುವೆ ಕನಿಷ್ಠ 20ರಿಂದ 25 ಮಿಲಿಮೀಟರ್ ಅಂತರ ಬಿಡದಿದ್ದರೆ, ಕಲ್ಲು ಮಾಡುವ ಕೆಲಸವನ್ನು ಸ್ಲೈಡರೇ ಮಾಡುತ್ತದೆ.

ಈಗ ವೆಲ್ಡೋ ಬೋಲ್ಟೋ ಎಂಬ ಮಾತಿಗೆ ಬರುತ್ತೇನೆ. ವೆಲ್ಡ್ ಮಾಡಿದ್ದು ಗಟ್ಟಿ ಎನ್ನುವುದು ಸುಳ್ಳಲ್ಲ. ಹೊರದೇಶಗಳಲ್ಲಿ ಬಂಡೆ ಹತ್ತಿಸುವುದಕ್ಕೆಂದೇ ಇಟ್ಟುಕೊಂಡ ವಾಹನಗಳಿಗೆ ಹಾಗೆಯೇ ಮಾಡುತ್ತಾರೆ. ಆದರೆ ಅಲ್ಲಿ ಕೂಡ ಕಾಲಿನ ಪೈಪನ್ನು ನೇರವಾಗಿ ಚಾಸಿಸ್‌ಗೆ ಅಂಟಿಸುವುದಿಲ್ಲ. ಮೂಲೆಗಳನ್ನು ದುಂಡಗೆ ಕತ್ತರಿಸಿದ ಒಂದು ಪ್ಲೇಟನ್ನು ಚಾಸಿಸ್‌ನ ಮಗ್ಗುಲಿಗೆ ಕೂರಿಸಿ, ವೆಲ್ಡಿನ ಗೆರೆ ಚಾಸಿಸ್‌ನ ಉದ್ದಕ್ಕೆ ಹೋಗುವಂತೆ ನೋಡಿಕೊಂಡು, ಅದರ ಮೇಲೆ ಕಾಲು ನಿಲ್ಲಿಸುತ್ತಾರೆ. ಚಾಸಿಸ್‌ಗೆ ಅಡ್ಡಲಾಗಿ ಮೇಲಿಂದ ಕೆಳಗೆ ಎಳೆದ ವೆಲ್ಡಿನ ಅಂಚಿನಲ್ಲಿ ಉಕ್ಕಿನ ಗುಣ ಕಾವಿಗೆ ಬದಲಾಗಿರುತ್ತದೆ. ಚಾಸಿಸ್ ಬಾಗುವಾಗಲೆಲ್ಲ ಅಲ್ಲೇ ಒತ್ತಡ ಬಿದ್ದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಮೇಲಿನ ಮತ್ತು ಕೆಳಗಿನ ಅಂಚುಗಳಿಗಂತೂ ವೆಲ್ಡ್ ತಾಗಿಸಲೇಬಾರದು, ಬಾಗುವ ಒತ್ತಡ ಅತಿ ಹೆಚ್ಚು ಇರುವುದು ಅಲ್ಲಿಯೇ. ಇದರ ಜೊತೆಗೆ ಕಂಪೆನಿಯವರು ಚಾಸಿಸ್‌ಗೆ ಒಳಗೂ ಹೊರಗೂ ಕೊಟ್ಟ ಲೇಪ ಕಾವಿಗೆ ಉರಿದು ಹೋಗುತ್ತದೆ. ಹೊರಗಿನದಕ್ಕೆ ಪೇಂಟ್ ಹೊಡೆಯಬಹುದು. ಒಳಗಿನದಕ್ಕೆ ಏನು ಮಾಡುತ್ತೀರಿ? ನಮ್ಮ ಜಿಲ್ಲೆಯ ಮಳೆಗೆ ಚಾಸಿಸ್ ಒಳಗಿನಿಂದ ತುಕ್ಕು ಹಿಡಿದರೆ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮನೆಯವರೂ ಪ್ರಯಾಣಿಸುವ, ಹೊರೆಯನ್ನೂ ಹೊರುವ ನಿಮ್ಮ ವಾಹನಕ್ಕೆ ಬೋಲ್ಟಿನದೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಸಿಸ್‌ನಲ್ಲಿ ಕಂಪೆನಿಯೇ ಬಿಟ್ಟಿರುವ ತೂತುಗಳು ಇರುತ್ತವೆ. ಮೊದಲು ವಾಹನದ ಅಡಿಗೆ ಮಲಗಿ ಆ ತೂತುಗಳ ಅಳತೆಯನ್ನು, ಒಂದರಿಂದ ಒಂದಕ್ಕೆ ಇರುವ ದೂರವನ್ನು ರಟ್ಟಿನ ಮೇಲೆ ಪಡಿಯಚ್ಚು ತೆಗೆದುಕೊಳ್ಳಿ. ಸ್ಲೈಡರನ್ನು ತೂತಿಗೆ ಸರಿಯಾಗಿ ಮಾಡಬೇಕೇ ಹೊರತು ಸ್ಲೈಡರಿಗಾಗಿ ಚಾಸಿಸ್‌ಗೆ ಹೊಸ ತೂತು ಕೊರೆಯುವುದು ಕೊನೆಯ ದಾರಿ. ಪೆಟ್ಟಿಗೆಯಾಕಾರದ ಚಾಸಿಸ್‌ನ ಈ ಮಗ್ಗುಲಿಂದ ಆ ಮಗ್ಗುಲಿಗೆ ಬೋಲ್ಟು ದಾಟಿಸಲೇಬೇಕಾದರೆ ಒಳಗೆ ಉಕ್ಕಿನ ತೋಳು, ಅಂದರೆ ಸ್ಲೀವ್ ಹಾಕಬೇಕು. ಇಲ್ಲದಿದ್ದರೆ ಬಿಗಿ ಮಾಡಿದಂತೆ ಚಾಸಿಸ್‌ನ ಎರಡು ಗೋಡೆಗಳು ಒಳಕ್ಕೆ ಬರುತ್ತವೆ, ಬೋಲ್ಟು ಎಂದಿಗೂ ನಿಜವಾಗಿ ಬಿಗಿಯಾಗುವುದಿಲ್ಲ.

ಬೋಲ್ಟುಗಳು 12 ಮಿಲಿಮೀಟರಿನವು ಇರಲಿ. ತಲೆಯ ಮೇಲೆ 8.8 ಅಥವಾ 10.9 ಎಂದು ಬಲದ ದರ್ಜೆಯ ಅಚ್ಚು ಇರಬೇಕು. ಅಚ್ಚೇ ಇಲ್ಲದ ಬೋಲ್ಟನ್ನು ಅಂಗಡಿಯವರು ಎಷ್ಟು ಹೊಗಳಿದರೂ ತೆಗೆದುಕೊಳ್ಳಬೇಡಿ. 8.8ರ 12 ಮಿಲಿಮೀಟರ್ ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿ ಸಾಕು, ಅದನ್ನು ಟಾರ್ಕ್ ರೆಂಚಿನಲ್ಲೇ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರಿನಲ್ಲೇ) ಕೊಡಬೇಕು. ಕೆಲವರು ಸದ್ದು ಬಾರದಿರಲೆಂದು ಪ್ಲೇಟಿಗೂ ಚಾಸಿಸ್‌ಗೂ ನಡುವೆ ರಬ್ಬರ್ ತುಂಡು ಇಡುತ್ತಾರೆ. ಹಾಗೆ ಮಾಡಿಸಬೇಡಿ, ರಬ್ಬರ್ ದಿನ ಕಳೆದಂತೆ ಚಪ್ಪಟೆಯಾಗಿ ಬೋಲ್ಟಿನ ಬಿಗಿ ಹೋಗುತ್ತದೆ. ಉಕ್ಕಿಗೆ ಉಕ್ಕೇ ಕೂರಬೇಕು, ಎರಡು ಮುಖಗಳಿಗೂ ಮೊದಲೇ ಪೇಂಟ್ ಆಗಿರಬೇಕು, ಅಷ್ಟೇ.

ಪೈಪಿನ ವಿಚಾರ. ಜಿಐ ಪೈಪು ಖಂಡಿತ ಬೇಡ. ಅದರ ಮೇಲಿನ ಸತು ವೆಲ್ಡಿನ ಒಳಗೆ ಸೇರಿ ಜೋಡಣೆಯನ್ನು ಸಣ್ಣ ಸಣ್ಣ ತೂತುಗಳಿಂದ ದುರ್ಬಲ ಮಾಡುತ್ತದೆ. ಸತು ಉರಿದು ಏಳುವ ಬಿಳಿ ಹೊಗೆ ಕುಡಿದ ಕೆಲಸದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಸತು ಲೇಪವಿಲ್ಲದ ಕಪ್ಪು ಎಂಎಸ್ (ಮೈಲ್ಡ್ ಸ್ಟೀಲ್) ಪೈಪೇ ತರಿಸಿ, ಅದರಲ್ಲೂ ದಪ್ಪ ಗೋಡೆಯ ಹೆವಿ ಕ್ಲಾಸ್ ಕೇಳಿ. ಎರಡು ಇಂಚಿನ ಹೆವಿ ಪೈಪಿನ ಹೊರ ವ್ಯಾಸ 60.3 ಮಿಲಿಮೀಟರ್, ಗೋಡೆಯ ದಪ್ಪ 4.5 ಮಿಲಿಮೀಟರ್, ಮೀಟರಿಗೆ ಸುಮಾರು 6.2 ಕಿಲೋ ತೂಕ. ಒಂದೂವರೆ ಇಂಚಿನದು 48.3 ಮಿಲಿಮೀಟರ್ ವ್ಯಾಸ, 4 ಮಿಲಿಮೀಟರ್ ದಪ್ಪ, ಮೀಟರಿಗೆ ನಾಲ್ಕೂವರೆ ಕಿಲೋದ ಹತ್ತಿರ. ಒಳಗಿನ, ಅಂದರೆ ಸಿಲ್‌ನ ಅಡಿಯಲ್ಲಿ ಬರುವ ಮುಖ್ಯ ಪೈಪಿಗೆ ದಪ್ಪದ್ದು, ಹೊರಗಿನ ಪೈಪಿಗೆ ಸಣ್ಣದು ಸಾಕು. ಕಾಲುಗಳು ಒಂದೊಂದು ಕಡೆಗೆ ನಾಲ್ಕು ಇರಲಿ. ಕಾಲು ಚಾಸಿಸ್‌ಗೆ ಕೂರುವ ಪ್ಲೇಟು 6 ಮಿಲಿಮೀಟರಿಗಿಂತ ಕಡಿಮೆ ಬೇಡ, ಮತ್ತು ಅದು ಚಾಸಿಸ್‌ನ ಎತ್ತರದಷ್ಟೂ ಬರಬೇಕು. ಚಾಸಿಸ್‌ನಿಂದ ಸ್ಲೈಡರಿಗೆ 25 ಸೆಂಟಿಮೀಟರ್ ದೂರ ಇದ್ದರೆ ಅದರ ತುದಿಗೆ ಬಿದ್ದ ಒಂದು ಟನ್ ಭಾರ ಚಾಸಿಸ್‌ನ ಮಗ್ಗುಲನ್ನು ಸುಮಾರು 2,450 ನ್ಯೂಟನ್ ಮೀಟರ್ ಬಲದಿಂದ ತಿರುಚುತ್ತದೆ. ಗಿಡ್ಡ ಪ್ಲೇಟಾದರೆ ಅಷ್ಟೂ ಒತ್ತಡ ಒಂದು ಅಂಗೈಯಗಲದ ಜಾಗಕ್ಕೆ ಬೀಳುತ್ತದೆ.

ಕಾಲು ಕೂರಿಸುವ ಮೊದಲು ಚಾಸಿಸ್‌ನ ಒಳಮಗ್ಗುಲಲ್ಲಿ ಕೈಯಾಡಿಸಿ ನೋಡಿ. ಬ್ರೇಕ್ ಪೈಪು, ಡೀಸೆಲ್ ಪೈಪು, ವಯರಿಂಗ್ ಕಟ್ಟು ಅಲ್ಲೇ ಹೋಗಿರುತ್ತವೆ. ಯು-ಬೋಲ್ಟು ಹಾಕಿ ಅವುಗಳನ್ನು ಅದರಡಿಗೆ ಸಿಕ್ಕಿಸಿದರೆ, ಅಲುಗಾಟದಲ್ಲಿ ಬ್ರೇಕ್ ಪೈಪು ಸವೆದು ಇಳಿಜಾರಿನಲ್ಲಿ ಬ್ರೇಕೇ ಇಲ್ಲದಂತಾಗಬಹುದು.

ಕುಂಟಾರು_ಕೃಷಿಕ ಬರೆದದ್ದು:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ವಿಷಯ ಹೇಳಲೇಬೇಕು. ಸ್ಲೈಡರಿಗೆ ಹಾಕುವ ಹಣದಲ್ಲಿ ಒಂದು ಪಾಲು ಆ ದಾರಿಗೇ ಹಾಕಿ. ನಡುವೆ ನೀರು ಕೊರೆಯುವುದು ದಾರಿಯ ಮೇಲಿನ ಮಗ್ಗುಲಿನಲ್ಲಿ ಕಣಿ, ಅಂದರೆ ನೀರು ಹರಿಯುವ ಚರಂಡಿ, ಇಲ್ಲದಿದ್ದಾಗ. ಕಣಿ ಬಿಡಿಸಿ, ಅಲ್ಲಲ್ಲಿ ದಾರಿಗೆ ಅಡ್ಡಲಾಗಿ ಓರೆಯಾಗಿ ಮುರಕಲ್ಲಿನ ಸಾಲು ಹುಗಿದು ನೀರನ್ನು ಕೆಳಮಗ್ಗುಲಿಗೆ ತಿರುಗಿಸಿದರೆ ಕೊರಕಲು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಹೊಸ ಮುರಕಲ್ಲನ್ನು ಕೋರೆಯಿಂದ ತಂದಾಗ ಮೆತ್ತಗೆ ಇರುತ್ತದೆ, ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಮಳೆ ಹತ್ತಿರ ಬಂದಾಗ ಅಲ್ಲ, ಬೇಸಿಗೆಯ ಆರಂಭದಲ್ಲೇ ಮಾಡಿಸಬೇಕು. ಸ್ಲೈಡರ್ ಇದ್ದರೂ ಜಾರಿದ ವಾಹನ ಜಾರಿದ ವಾಹನವೇ, ಒಳಗೆ ಮಕ್ಕಳಿದ್ದರೆ ಅವರಿಗೆ ಪೆಟ್ಟು ಪೆಟ್ಟೇ.

ಪೆರ್ಲ_ಪಿಕಪ್ ಬರೆದದ್ದು:

ದಾರಿ ಸರಿಮಾಡುವ ಸಲಹೆ ಒಳ್ಳೆಯದೇ. ಆದರೆ ಎಷ್ಟು ಸರಿ ಮಾಡಿದರೂ ಪಿಕಪ್‌ನ ಉದ್ದ ಕಡಿಮೆಯಾಗುವುದಿಲ್ಲ. ವಿ-ಕ್ರಾಸ್‌ನ ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವೆ 3,095 ಮಿಲಿಮೀಟರ್ ಇದೆ. ಗಿಡ್ಡ ಜೀಪು ದಾಟುವ ದಿಬ್ಬದ ಮೇಲೆ ಇದರ ಹೊಟ್ಟೆ ತಾಗುವುದು ಅದಕ್ಕೇ. ನಾನು ಇಂಥದೇ ವಾಹನಕ್ಕೆ ಬೋಲ್ಟಿನ ಸ್ಲೈಡರ್ ಹಾಕಿಸಿ ಓಡಿಸುತ್ತಿರುವುದರಿಂದ ಆಕಾರದ ಬಗ್ಗೆ ಮೂರು ಮಾತು ಸೇರಿಸುತ್ತೇನೆ.

ಸ್ಲೈಡರಿನ ಕೆಳಮಟ್ಟ ಚಾಸಿಸ್‌ನ ಕೆಳಮಟ್ಟಕ್ಕಿಂತ ಕೆಳಗೆ ಬರಕೂಡದು. ಹತ್ತಲು ಸುಲಭವಾಗಲೆಂದು ತಗ್ಗಿಸಿ ಕೂರಿಸಿದರೆ, ಕಂಪೆನಿ ಕೊಟ್ಟ ನೆಲದಂತರವನ್ನು ನೀವೇ ಕಳೆದಂತಾಗುತ್ತದೆ. ವಯಸ್ಸಾದವರು ಹತ್ತುವುದಕ್ಕೆ ಬೇಕಾದರೆ ಸ್ಲೈಡರಿನ ಮೇಲೆ ಚೆಕ್ಕರ್ ಪ್ಲೇಟ್ ಹಾಕಿಸಿಕೊಳ್ಳಿ, ಮಳೆಯಲ್ಲಿ ಕಾಲು ಜಾರುವುದಿಲ್ಲ.

ಎರಡನೆಯದಾಗಿ, ಕಾಲುಗಳು ಅಡ್ಡಮಟ್ಟಕ್ಕೆ ಚಾಚಿಕೊಳ್ಳದೆ ಹೊರಗೆ ಹೋದಂತೆ ಸ್ವಲ್ಪ ಮೇಲಕ್ಕೆ, ಹತ್ತರಿಂದ ಇಪ್ಪತ್ತು ಡಿಗ್ರಿಯಷ್ಟು ಏರಲಿ. ಆಗ ಓರೆಯಾಗಿ ನಿಂತ ವಾಹನದಲ್ಲಿ ಬಾಗಿಲಿನ ಕೆಳಭಾಗವೂ ಅದರ ರಕ್ಷಣೆಯ ಒಳಗೆ ಬರುತ್ತದೆ. ಹೆಸರೇ ಹೇಳುವಂತೆ ಇದು ಜಾರಿ ಮುಂದೆ ಹೋಗಬೇಕಾದ ವಸ್ತು. ಆದ್ದರಿಂದ ಪೈಪಿನ ಎರಡು ತುದಿಗಳನ್ನು ಚೂಪಾಗಿ ಬಿಡದೆ ಚಾಸಿಸ್ ಕಡೆಗೆ ಬಾಗಿಸಿ ಮುಚ್ಚಿಸಬೇಕು, ಕೆಳಮುಖದಲ್ಲಿ ಬೋಲ್ಟಿನ ತಲೆಯಾಗಲಿ ವೆಲ್ಡಿನ ಗಂಟಾಗಲಿ ಹೊರಗೆ ಚಾಚಬಾರದು. ಒಂದು ಗಂಟು ಕಲ್ಲಿಗೆ ಸಿಕ್ಕಿಕೊಂಡರೂ ಜಾರುವುದು ನಿಂತು ಹೊಡೆತ ಶುರುವಾಗುತ್ತದೆ. ಹಿಂಚಕ್ರದ ಹತ್ತಿರ ಹೊರಗಿನ ಪೈಪು ಸ್ವಲ್ಪ ಹೊರಕ್ಕೆ ಬಾಗಿದ್ದರೆ ತೋಟದೊಳಗಿನ ತಿರುವುಗಳಲ್ಲಿ ಅನುಕೂಲ. ವಾಹನದ ಹಿಂಭಾಗ ಅಡಿಕೆ ಮರಕ್ಕೋ ದರೆಗೋ ಉಜ್ಜುವ ಮೊದಲು ಪೈಪು ತಾಗಿ ದೂರ ತಳ್ಳುತ್ತದೆ.

ಮೂರನೆಯದು ಪರೀಕ್ಷೆ, ಇದನ್ನು ದಯವಿಟ್ಟು ಬಿಡಬೇಡಿ. ಪೇಂಟ್ ಹೊಡೆಯುವ ಮೊದಲು, ಸಮತಟ್ಟು ನೆಲದಲ್ಲಿ ಇನ್ನೊಂದು ಕಡೆಯ ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರಾಲಿ ಜಾಕಿಯನ್ನು ಸ್ಲೈಡರಿನ ನಡುವೆ ಇಟ್ಟು ಎತ್ತಿಸಿ. ಎತ್ತುವ ಮೊದಲು ಸ್ಲೈಡರಿಗೂ ಸಿಲ್‌ಗೂ ಇರುವ ಅಂತರವನ್ನು ಮುಂದೆ, ನಡುವೆ, ಹಿಂದೆ ಸ್ಕೇಲಿನಿಂದ ಅಳೆದು ಸೀಮೆಸುಣ್ಣದಲ್ಲಿ ಅಲ್ಲೇ ಬರೆದಿಡಿ. ಆ ಮಗ್ಗುಲಿನ ಎರಡೂ ಚಕ್ರಗಳ ಭಾರ ನೆಲದಿಂದ ಬಿಟ್ಟಾಗ ಮತ್ತೆ ಅಳೆಯಿರಿ, ಇಳಿಸಿದ ಮೇಲೆ ಮೂರನೆಯ ಸಲ ಅಳೆಯಿರಿ. ಭಾರ ಬಿದ್ದಾಗ ಒಂದೆರಡು ಮಿಲಿಮೀಟರ್ ಕಡಿಮೆಯಾಗಿ, ಇಳಿಸಿದಾಗ ಮೊದಲಿನ ಅಂಕಿಗೇ ಬಂದರೆ ಚಿಂತೆಯಿಲ್ಲ. ಮೊದಲಿನ ಅಂಕಿಗೆ ಬಾರದಿದ್ದರೆ ಕಾಲೋ ಪ್ಲೇಟೋ ಬಾಗಿದೆ ಎಂದರ್ಥ. ಆ ಸ್ಲೈಡರನ್ನು ಒಪ್ಪಿಕೊಳ್ಳಬೇಡಿ. ಎತ್ತಿದ ವಾಹನದ ಅಡಿಗೆ ಯಾರೂ ಹೋಗಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಡಿನಾಡ_ಪಯಣಿಗ ಬರೆದದ್ದು:

ಕಾನೂನಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿ ದಾಖಲಾದ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದದ್ದು ಕೇರಳ ಹೈಕೋರ್ಟಿನ ತೀರ್ಪೊಂದರ ಮೇಲಿನ ಮೇಲ್ಮನವಿಯಲ್ಲಿ. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182-ಎ ಸೆಕ್ಷನ್ನಿನಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ಮುಂಭಾಗದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿತ್ತು.

ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಸ್ಲೈಡರಿನ ಚಿತ್ರ, ಅಳತೆ, ತೂಕ ಬರೆದುಕೊಂಡು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಸಾಧ್ಯವಾದರೆ ಬರಹದಲ್ಲೇ ಉತ್ತರ ಪಡೆಯಿರಿ. ವಿಮೆಯವರಿಗೂ ತಿಳಿಸಿರಿ, ತಿಳಿಸದೆ ಇದ್ದರೆ ಅಪಘಾತದ ಸಮಯದಲ್ಲಿ ಅವರು ತಕರಾರು ತೆಗೆಯಬಹುದು. ಹೊರಗಿನ ಪೈಪು ಬಾಡಿಯ ಅಂಚನ್ನು ದಾಟಿ ಹೊರಗೆ ಬರದಂತೆ ಮಾಡಿಸುವುದು ಕಾನೂನಿಗೂ ಒಳ್ಳೆಯದು, ಪೇಟೆಯಲ್ಲಿ ಪಕ್ಕದಲ್ಲಿ ಹೋಗುವ ಸ್ಕೂಟರಿನವರಿಗೂ ಒಳ್ಳೆಯದು. ಹಿಂಭಾಗದ ಬಾಗು ಬೇಕೆಂದು ಮೇಲಿನವರು ಹೇಳಿದ್ದಾರೆ. ಅದೂ ಈ ಮಿತಿಯೊಳಗೇ ಇರಲಿ. ಬೋಲ್ಟಿನದಾದರೆ ಬಿಚ್ಚಿ ಎಂದಾಗ ಒಂದು ಗಂಟೆಯೊಳಗೆ ಬಿಚ್ಚಿ ವಾಹನವನ್ನು ಮೂಲರೂಪಕ್ಕೆ ತರಬಹುದು ಎಂಬುದೂ ಗಮನಿಸಬೇಕಾದ ಸಂಗತಿ.

ಅಡೂರು_ತೋಟ ಬರೆದದ್ದು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬೋಲ್ಟಿನದೇ ಎಂದು ನಿರ್ಧರಿಸಿದ್ದೇನೆ, ಆರ್‌ಟಿಓದಲ್ಲಿ ವಿಚಾರಿಸಿಯೇ ಮುಂದುವರಿಯುತ್ತೇನೆ. ಕಣಿಯ ಕೆಲಸವನ್ನೂ ಈ ಬೇಸಿಗೆಯಲ್ಲಿ ಮಾಡಿಸುತ್ತೇನೆ. ಎರಡು ಸಂಶಯ ಉಳಿದಿವೆ. ನಮ್ಮಲ್ಲಿನ ಶಾಪಿನಲ್ಲಿ ಇರುವುದು ಸಾಧಾರಣ ಆರ್ಕ್ ವೆಲ್ಡಿಂಗ್ ಮಾತ್ರ, ಗ್ಯಾಸಿನದು ಇಲ್ಲ. ಕಾಲುಗಳನ್ನು ಪೈಪಿಗೆ ಕೂರಿಸುವುದಕ್ಕೆ ಅದು ಸಾಕಾಗುತ್ತದೆಯೇ? ತುಕ್ಕಿಗೆ ಪೌಡರ್ ಕೋಟಿಂಗ್ ಮಾಡಿಸಿದರೆ ಬಾಳಿಕೆ ಬರುತ್ತದೆಯೇ?

ಬದಿಯಡ್ಕ_ಫ್ಯಾಬ್ರಿಕೇಶನ್ ಬರೆದದ್ದು:

ಆರ್ಕ್ ಧಾರಾಳ ಸಾಕು, ಕೈ ಪಳಗಿದವರಾಗಿರಬೇಕು ಅಷ್ಟೇ. ಗ್ರಿಲ್ಲು, ಗೇಟಿಗೆ ಬಳಸುವ 6013 ರಾಡಿನ ಬದಲು 7018 ರಾಡು ಬಳಸಲು ಹೇಳಿ. ಈ ರಾಡಿಗೆ ತೇವ ಆಗದು. ತೇವ ಕುಡಿದ ರಾಡಿನಿಂದ ವೆಲ್ಡಿನೊಳಗೆ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡುತ್ತದೆ. ಜೂನ್, ಜುಲೈ ತಿಂಗಳಲ್ಲಿ ಒಡೆದ ಪೊಟ್ಟಣವನ್ನು ಶೆಡ್ಡಿನ ಮೂಲೆಯಲ್ಲಿ ಇಟ್ಟಿದ್ದರೆ ಅದನ್ನು ಮುಟ್ಟಿಸಬೇಡಿ, ಹೊಸ ಪೊಟ್ಟಣ ತೆರೆಸಿ ಅಥವಾ ಓವನ್‌ನಲ್ಲಿ ಒಣಗಿಸಲು ಹೇಳಿ. ವೆಲ್ಡಿಂಗ್ ಎಲ್ಲವನ್ನೂ ಬೆಂಚಿನ ಮೇಲೆ ಮಾಡಿಸಿ. ಕಾಲಿನ ಜಾಗ ಗುರುತಿಸಲು ವಾಹನದ ಮೇಲೆಯೇ ಎರಡು ಚುಕ್ಕೆ ವೆಲ್ಡ್ ಹಾಕಬೇಕಾಗಿ ಬಂದರೆ ಬ್ಯಾಟರಿಯ ಎರಡೂ ತಂತಿಗಳನ್ನು ಕಳಚಿ, ಅರ್ತ್ ಕ್ಲಿಪ್ಪನ್ನು ವೆಲ್ಡ್ ಮಾಡುವ ತುಂಡಿಗೇ ಕಚ್ಚಿಸಬೇಕು; ಇಲ್ಲದಿದ್ದರೆ ಕರೆಂಟು ಇಸಿಯು (ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್), ಏರ್‌ಬ್ಯಾಗ್ ಘಟಕಗಳ ಮೂಲಕ ದಾರಿ ಹುಡುಕಿಕೊಳ್ಳುತ್ತದೆ.

ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಕಲ್ಲಿಗೆ ಉಜ್ಜುವ ವಸ್ತುವಿಗೆ ನಾನು ಅದನ್ನು ಹೇಳುವುದಿಲ್ಲ. ಒಂದು ಕಡೆ ಒಡೆದರೆ ನೀರು ಅದರ ಅಡಿಯಿಂದ ಹರಡಿ, ಮೇಲೆ ಕೋಟಿಂಗ್ ಹಾಗೆಯೇ ಕಾಣುತ್ತಿರುವಾಗ ಕೆಳಗೆ ತುಕ್ಕು ಬೆಳೆದಿರುತ್ತದೆ. ಸತು ಹೆಚ್ಚಿರುವ ಪ್ರೈಮರ್ ಎರಡು ಕೋಟು, ಅದರ ಮೇಲೆ ಸಾಧಾರಣ ಕಪ್ಪು ಎನಾಮಲ್ ಸಾಕು. ಉಜ್ಜಿ ಹೋದಲ್ಲಿ ನೀವೇ ಬ್ರಷ್ಷಿನಲ್ಲಿ ಹಚ್ಚಿಕೊಳ್ಳಬಹುದು. ಪೈಪಿನ ಕೆಳಮುಖದಲ್ಲಿ ನೀರು ಇಳಿಯಲು ಸಣ್ಣ ತೂತು ಇರಲಿ, ಅದರ ಮೂಲಕ ಒಳಗೆ ಮೇಣದ ದ್ರಾವಣ ಸಿಂಪಡಿಸಿ. ವೆಲ್ಡಿಂಗ್ ಮುಗಿದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಮುಳುಗಿಸುವುದು) ಮಾಡಿಸಲು ಯಾರಾದರೂ ಹೇಳಿದರೆ ಮಾಡಿಸಬಹುದು. ಆದರೆ ಆಗ ಈ ತೂತುಗಳು ಇರಲೇಬೇಕು, ಎರಡೂ ತುದಿ ಮುಚ್ಚಿದ ಪೈಪು ಕರಗಿದ ಸತುವಿನೊಳಗೆ ಸಿಡಿಯುತ್ತದೆ.

ಹೊಗೆ ಕೊಳವೆ ಮತ್ತು ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ, ತುಂಬಾ ಬಿಸಿಯಾಗುವ ಫಿಲ್ಟರ್) ಇರುವ ಮಗ್ಗುಲಲ್ಲಿ ಕಾಲುಗಳನ್ನು ಅದರಿಂದ ದೂರ ಇಡಿಸಿ, ಅಲ್ಲಿ ಒಣ ಎಲೆ, ಅಡಿಕೆ ಸಿಪ್ಪೆ ಸಿಕ್ಕಿ ನಿಲ್ಲುವಂಥ ಸಂದು ಇರಬಾರದು. ಉಳಿದ ಕಡೆ ಕಾಲಿನ ಪ್ಲೇಟಿಗೂ ಚಾಸಿಸ್‌ಗೂ ನಡುವಿನ ಮೂಲೆಯಲ್ಲಿ ನಮ್ಮ ಕೆಂಪು ಮಣ್ಣು ತುಂಬಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಯಿಂದ ನೀರು ಬಿಟ್ಟು ತೊಳೆಯಿರಿ. ಬಿಗಿ ಮಾಡಿದ ಮೇಲೆ ಪ್ರತಿ ನಟ್ಟಿನಿಂದ ಪ್ಲೇಟಿನ ಮೇಲಕ್ಕೆ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಸಿಕೊಳ್ಳಿ. ಮೊದಲ 500 ಕಿಲೋಮೀಟರ್ ಆದ ಮೇಲೆ ಎಲ್ಲವನ್ನೂ ಮತ್ತೆ ಟಾರ್ಕ್ ರೆಂಚಿನಲ್ಲಿ ಪರೀಕ್ಷಿಸಿ, ಆಮೇಲೆ ತೊಳೆಯುವಾಗಲೆಲ್ಲ ಆ ಗೆರೆ ಮುರಿದಿದೆಯೇ ಎಂದು ನೋಡಿದರಾಯಿತು. ಕೆಲಸ ಶುರು ಮಾಡುವ ಮೊದಲು ಚಾಸಿಸ್‌ನ ತೂತುಗಳ ಪಡಿಯಚ್ಚಿನ ಫೋಟೋ ಇಲ್ಲಿ ಹಾಕಿ. ಕಾಲುಗಳು ಎಲ್ಲೆಲ್ಲಿ ಬರಬೇಕೆಂದು ಗುರುತು ಮಾಡಿ ಕೊಡುತ್ತೇನೆ.